ಹಾಲಿನ ಡೈರಿಯ ಕನ್ನಡ ಚೀಟಿ ಯಂತ್ರಕ್ಕೆ ಯಾವ ಬೋರ್ಡ್ ಹಾಕಲಿ?

ಮದ್ದೂರು_ಬೋರ್ಡ್ (ಭಾನುವಾರ ರಾತ್ರಿ)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ಮದ್ದೂರು ಸುತ್ತಮುತ್ತಲ ಹಳ್ಳಿ ಡೈರಿಗಳಿಗೆ ಒಂದು ಪೆಟ್ಟಿಗೆ ಮಾಡುತ್ತಿದ್ದೇನೆ. ಬೆಳಿಗ್ಗೆ ಆರಕ್ಕೆ, ಸಂಜೆ ಐದೂವರೆಗೆ ಜನ ಕ್ಯಾನು ಹಿಡಿದು ಸಾಲು ನಿಲ್ಲುತ್ತಾರೆ. ಹಾಲು ಸುರಿದ ಕೂಡಲೇ ತೂಕದ ಯಂತ್ರದಿಂದ ತೂಕ ಬರಬೇಕು. ಹಾಲು ಪರೀಕ್ಷೆ ಮಾಡುವ ಅನಲೈಸರ್‌ನಿಂದ ಫ್ಯಾಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ಬರಬೇಕು. ರೇಟು ಲೆಕ್ಕ ಆಗಿ ಕನ್ನಡದಲ್ಲಿ ಚೀಟಿ ಹೊರಗೆ ಬರಬೇಕು. ಎದುರಿಗೆ ಕೆಂಪು ಎಲ್‌ಇಡಿ ಪಟ್ಟಿಯಲ್ಲೂ ಅದೇ ಲೆಕ್ಕ ಕಾಣಬೇಕು. ತೂಕ, ಅನಲೈಸರ್, ಪ್ರಿಂಟರ್, ಪಟ್ಟಿ, ಒಟ್ಟು ನಾಲ್ಕು ಸೀರಿಯಲ್ ಪೋರ್ಟ್ (ಯಂತ್ರಗಳು ಬೋರ್ಡಿನ ಜೊತೆ ಮಾತಾಡುವ ವೈರಿನ ದಾರಿ). ಅನಲೈಸರ್ ಹೇಗೂ ತನ್ನ ಟೈಮು ತೆಗೆದುಕೊಳ್ಳುತ್ತದೆ. ಅದರ ಮೇಲೆ ನಮ್ಮ ಪೆಟ್ಟಿಗೆಯೂ ತಡ ಮಾಡಿದರೆ ಸಾಲು ರಸ್ತೆಗೆ ಬರುತ್ತದೆ.

ಮೊದಲನೇ ಪೆಟ್ಟಿಗೆಯನ್ನು ರಾಸ್ಪ್‌ಬೆರಿ ಪೈ 4 ಎಂಬ ಸಣ್ಣ ಕಂಪ್ಯೂಟರ್ ಬೋರ್ಡಿನಲ್ಲಿ ಮಾಡಿದೆ. ಪರಿಚಯದವರ ಡೈರಿಯಲ್ಲಿ ಐದು ತಿಂಗಳಿಂದ ಇದೆ. ಮೂರು ತೊಂದರೆ ಬಂದಿವೆ.

ಒಂದು, ಮೂರನೇ ತಿಂಗಳಲ್ಲಿ ಮೆಮೊರಿ ಕಾರ್ಡು ಕೈಕೊಟ್ಟಿತು. ರಾತ್ರಿ ಕರೆಂಟು ನಾಲ್ಕೈದು ಸಲ ಹೋಗಿ ಬಂದಿತ್ತಂತೆ. ಬೆಳಿಗ್ಗೆ ಐದೂ ಮುಕ್ಕಾಲಿಗೆ ಫೋನು, "ಅಣ್ಣಾ, ಪರದೆ ಮೇಲೆ ಏನೇನೋ ಇಂಗ್ಲಿಷ್ ಬರ್ತಾ ಇದೆ." ನಾನು ಹೋಗಿ ತಲುಪುವಷ್ಟರಲ್ಲಿ ಹಾಲಿನ ಗಾಡಿ ಹೊರಟು ಹೋಗಿತ್ತು. ಅವತ್ತಿನ ಲೆಕ್ಕವೆಲ್ಲ ಪುಸ್ತಕದಲ್ಲಿ ಬರೆದರು.

ಎರಡು, ಚೀಟಿ ಪ್ರಿಂಟ್ ಆಗುವಾಗ ಒಮ್ಮೊಮ್ಮೆ ಬೋರ್ಡು ತಾನಾಗಿ ರೀಬೂಟ್ ಆಗುತ್ತದೆ. ಯಾವಾಗ ಅಂತ ಹೇಳಲಾಗುವುದಿಲ್ಲ.

ಮೂರು, ಯುಎಸ್‌ಬಿಯಿಂದ ಸೀರಿಯಲ್ ಮಾಡುವ ವೈರು ಎರಡಿವೆ. ಕೆಲವು ಸಲ ರೀಬೂಟ್ ಆದ ಮೇಲೆ ತೂಕದ ಜಾಗಕ್ಕೆ ಅನಲೈಸರ್ ಬಂದು ಕೂರುತ್ತದೆ.

ಈಗ ಇಪ್ಪತ್ತೈದು ಪೆಟ್ಟಿಗೆ ಕೇಳುತ್ತಿದ್ದಾರೆ. ಒಂದಾದರೆ ನಾನೇ ಓಡಿ ಹೋಗಿ ರಿಪೇರಿ ಮಾಡುತ್ತೇನೆ. ಇಪ್ಪತ್ತೈದು ಊರಿಗೆ ಬೆಳಿಗ್ಗೆ ಆರಕ್ಕೆ ಓಡಲು ಆಗಲ್ಲ. ಐದು ವರ್ಷ ಸುಮ್ನೆ ಕೂತು ಕೆಲಸ ಮಾಡುವ ಬೋರ್ಡು ಯಾವುದು?

ಪಾಂಡವಪುರ_ಪ್ಯಾಕೆಟ್

ಪೈ 5 ನೋಡಿ ಸರ್. 4ಕ್ಕಿಂತ ತುಂಬ ಸ್ಪೀಡು. ಗಡಿಯಾರವೂ ಬೋರ್ಡಿನಲ್ಲೇ ಇದೆ, ಒಂದು ಬ್ಯಾಟರಿ ಸಿಕ್ಕಿಸಿದರೆ ಸಾಕು. ಪವರ್ ಬಟನ್ ಕೂಡ ಇದೆ.

ಮದ್ದೂರು_ಬೋರ್ಡ್

ಗಡಿಯಾರ ಇರುವುದು ಒಳ್ಳೆಯದೇ. ಆದರೆ ಪೈ 5ಕ್ಕೆ 5 ವೋಲ್ಟು 5 ಆಂಪಿಯರ್ ಕೊಡಿ ಅನ್ನುತ್ತಾರೆ. ನಮ್ಮ ಡೈರಿಯಲ್ಲಿ ಇರುವುದು 12 ವೋಲ್ಟಿನ ಬ್ಯಾಟರಿ, ಅನಲೈಸರ್‌ಗೆ ಇಟ್ಟಿರುವುದು. ಅದರಿಂದ ಎಷ್ಟು ಕಮ್ಮಿ ಎಳೆದರೆ ಅಷ್ಟು ಒಳ್ಳೆಯದು. ಮಾಡುವ ಕೆಲಸ ಒಂದು ತೂಕ ಓದಿ ಒಂದು ಚೀಟಿ ಹೊಡೆಯುವುದು. ಸ್ಪೀಡಿನ ಕೊರತೆ ನನಗೆ ಯಾವತ್ತೂ ಕಾಣಲಿಲ್ಲ.

ಬೆಸುಗೆ_ಕಡ್ಡಿ

ಬೋರ್ಡಿನ ಮಾತು ಆಮೇಲೆ. ಎರಡನೇ ತೊಂದರೆ ಬೋರ್ಡಿನದ್ದೇ ಅಲ್ಲ ಅನ್ನಿಸುತ್ತೆ. ಪ್ರಿಂಟರ್‌ಗೆ ಎಲ್ಲಿಂದ ಸಪ್ಲೈ ಕೊಟ್ಟಿದ್ದೀರಿ?

ಮದ್ದೂರು_ಬೋರ್ಡ್

12 ವೋಲ್ಟಿನಿಂದ 5 ವೋಲ್ಟ್ ಮಾಡುವ ಒಂದು ಬಕ್ ಕನ್ವರ್ಟರ್ ಇದೆ. ಅದರಿಂದಲೇ ಬೋರ್ಡಿಗೂ ಪ್ರಿಂಟರ್‌ಗೂ.

ಬೆಸುಗೆ_ಕಡ್ಡಿ

ಅಲ್ಲೇ ಇದೆ ನೋಡಿ. 58 ಮಿ.ಮೀ. ಥರ್ಮಲ್ ಪ್ರಿಂಟರ್ ಸುಮ್ಮನಿದ್ದಾಗ ಏನೂ ಎಳೆಯಲ್ಲ. ಹೆಡ್ಡು ಬಿಸಿಯಾಗುವ ಕ್ಷಣದಲ್ಲಿ 2 ಆಂಪಿಯರ್ ಹತ್ತಿರ ಎಳೆಯುತ್ತದೆ. ಒಂದು ಸಾಲಿನಲ್ಲಿ 384 ಚುಕ್ಕಿ. ಎಷ್ಟು ಚುಕ್ಕಿ ಕಪ್ಪಾಗಬೇಕೋ ಅಷ್ಟು ಕರೆಂಟು. ನಿಮ್ಮ ಚೀಟಿಯಲ್ಲಿ ಮೇಲೆ ಸಂಘದ ಹೆಸರು ದಪ್ಪಕ್ಷರದಲ್ಲಿ, ಕಪ್ಪು ಪಟ್ಟಿ ಹಾಕಿ ಬರುತ್ತದಾ?

ಮದ್ದೂರು_ಬೋರ್ಡ್

ಹೌದು! ಕಪ್ಪು ಪಟ್ಟಿ, ಅದರ ಮೇಲೆ ಬಿಳಿ ಅಕ್ಷರ. ಚೆನ್ನಾಗಿ ಕಾಣುತ್ತೆ ಅಂತ ನಾನೇ ಹಾಕಿದ್ದು. ಈಗ ನೆನಪಾಗುತ್ತಿದೆ, ರೀಬೂಟ್ ಆದಾಗೆಲ್ಲ ಅರ್ಧಕ್ಕೆ ನಿಂತ ಚೀಟಿಯಲ್ಲಿ ಆ ಪಟ್ಟಿ ಮಾತ್ರ ಇರುತ್ತಿತ್ತು.

ಬೆಸುಗೆ_ಕಡ್ಡಿ

ಪೈ 4ರಲ್ಲಿ 5 ವೋಲ್ಟು 4.63ಕ್ಕಿಂತ ಕೆಳಗೆ ಇಳಿದರೆ ಬೋರ್ಡೇ ಅದನ್ನು ಗುರುತು ಮಾಡಿಟ್ಟುಕೊಳ್ಳುತ್ತದೆ. ರೀಬೂಟ್ ಆಗದ ಒಂದು ದಿನ, ಹತ್ತು ಚೀಟಿ ಹೊಡೆಸಿ ಆ ಗುರುತು ಬಂದಿದೆಯಾ ನೋಡಿ. ಬಂದೇ ಇರುತ್ತದೆ. ಪ್ರಿಂಟರ್‌ಗೆ ಬೇರೆ ಬಕ್ ಹಾಕಿ, ಪಕ್ಕದಲ್ಲಿ ಒಂದು ದೊಡ್ಡ ಕೆಪ್ಯಾಸಿಟರ್ ಇಡಿ. ಗ್ರೌಂಡ್ ವೈರನ್ನು ಬ್ಯಾಟರಿಯಿಂದಲೇ ಬೇರೆಯಾಗಿ ಎಳೆಯಿರಿ, ಬೋರ್ಡಿನ ಮೂಲಕ ಹಾದು ಹೋಗಬಾರದು. ಇಷ್ಟು ಮಾಡದೆ ಎಷ್ಟು ದೊಡ್ಡ ಬೋರ್ಡು ತಂದರೂ ಇದೇ ಕತೆ.

ಇನ್ನೊಂದು. ಡೈರಿಯಲ್ಲಿ ಹಾಲು ತಣ್ಣಗೆ ಮಾಡುವ ಬಿಎಂಸಿ ಇದ್ದರೆ ಅದರ ಕಂಪ್ರೆಸರ್ ಎದ್ದಾಗ ಲೈಟು ಮಂಕಾಗುತ್ತೆ, ಅಲ್ವಾ? ಅದಕ್ಕೇ ನಿಮ್ಮ ಪೆಟ್ಟಿಗೆ ಯಾವಾಗಲೂ ಬ್ಯಾಟರಿಯ ಮೇಲೆ ಓಡಲಿ, ಚಾರ್ಜರ್ ಬ್ಯಾಟರಿಯನ್ನು ತುಂಬಿಸುತ್ತಿರಲಿ. 12 ವೋಲ್ಟು 7 ಆಂಪಿಯರ್‌ಅವರ್ ಬ್ಯಾಟರಿ ಅಂದರೆ 84 ವಾಟ್‌ಅವರ್. ಅರ್ಧ ಮಾತ್ರ ಬಳಸಿ ಅಂದರೂ 42. ಬೋರ್ಡು 3 ವಾಟಿನದ್ದಾದರೆ ಬಕ್‌ನ ನಷ್ಟ ಕಳೆದು ಹನ್ನೊಂದು ಹನ್ನೆರಡು ಗಂಟೆ. ಒಂದು ರಾತ್ರಿ ದಾಟುತ್ತದೆ.

ಕುವೆಂಪುನಗರ_ಕೋಡ್

ನಾನು ಮೂಲಕ್ಕೇ ಹೋಗುತ್ತೇನೆ. ಇದಕ್ಕೆ ಲಿನಕ್ಸ್‌ನಂಥ ಪೂರ್ತಿ ಆಪರೇಟಿಂಗ್ ಸಿಸ್ಟಮ್ ಯಾಕೆ? ತೂಕ ಓದು, ಗುಣಾಕಾರ ಮಾಡು, ಪ್ರಿಂಟ್ ಮಾಡು. ಇಎಸ್‌ಪಿ32 ಅನ್ನುವ ಸಣ್ಣ ಮೈಕ್ರೋಕಂಟ್ರೋಲರ್ ಚಿಪ್ಪು ಸಾಕು. ಸ್ವಿಚ್ ಹಾಕಿದ ಕೂಡಲೇ ಕೆಲಸ ಶುರು. ಕರೆಂಟು ಹೋದರೆ ಹೋಗಲಿ, ಹಾಳಾಗಲು ಫೈಲ್ ಸಿಸ್ಟಮ್ಮೇ ಇಲ್ಲ. ಮೈಸೂರಿನಲ್ಲಿ ನಮ್ಮ ಆಫೀಸಿನಲ್ಲಿ ನೀರಿನ ಮೀಟರುಗಳಿಗೆ ಮೊದಲು ಲಿನಕ್ಸ್ ಬೋರ್ಡು ಹಾಕಿ, ಆಮೇಲೆ ಎಲ್ಲವನ್ನೂ ಮೈಕ್ರೋಕಂಟ್ರೋಲರ್‌ಗೆ ಇಳಿಸಿದೆವು. ಅದಾದ ಮೇಲೆ ರಾತ್ರಿ ಫೋನು ಬರುವುದು ನಿಂತಿತು.

ಮದ್ದೂರು_ಬೋರ್ಡ್

ಮೇಡಂ, ನಾನೂ ಅಲ್ಲಿಂದಲೇ ಶುರು ಮಾಡಿದ್ದು. ಸಿಕ್ಕಿಹಾಕಿಕೊಂಡಿದ್ದು ಕನ್ನಡದಲ್ಲಿ.

ಪ್ರಿಂಟರ್ ಒಳಗೆ ಇಂಗ್ಲಿಷ್ ಅಕ್ಷರ ಇವೆ, ಕನ್ನಡ ಇಲ್ಲ. ಹಾಗಾಗಿ ಚೀಟಿಯನ್ನು ಚಿತ್ರವಾಗಿ ಬರೆದು ಚುಕ್ಕಿ ಚುಕ್ಕಿ ಕಳಿಸಬೇಕು. ಫಾಂಟಿನಿಂದ ಅಕ್ಷರ ಒಂದೊಂದಾಗಿ ತೆಗೆದು ಜೋಡಿಸಿದರೆ "ಲಕ್ಷ್ಮಮ್ಮ" ಎಂಬ ಹೆಸರು "ಲಕ್‌ಷ್‌ಮಮ್‌ಮ" ಅಂತ ಬರುತ್ತದೆ. ಕ, ಷ ಎರಡೂ ಬೆಸೆದು ಕ್ಷ ಆಗಬೇಕು, ಮ ಅದರ ಕೆಳಗೆ ಹೋಗಬೇಕು. "ಸೂರ್ಯ" ಅಂದರೆ ಅರ್ಕಾವತ್ತು ಯ ಆದ ಮೇಲೆ ಬರಬೇಕು, ಯೂನಿಕೋಡಿನಲ್ಲಿ ರ ಮೊದಲೇ ಇರುತ್ತದೆ. ಈ ಜೋಡಣೆಯನ್ನು ಲಿನಕ್ಸ್‌ನಲ್ಲಿ ಹಾರ್ಫ್‌ಬಜ್ ಎಂಬ ಲೈಬ್ರರಿ ಮಾಡಿಕೊಡುತ್ತದೆ. ಅದರ ಮೇಲೆ ಸಾಲು ಜೋಡಿಸಲು ಪ್ಯಾಂಗೊ, ಚಿತ್ರ ಬರೆಯಲು ಕೈರೋ. ಪೈಥಾನ್‌ನಲ್ಲಿ ಚಿತ್ರ ಮಾಡುವ ಪಿಲ್ಲೋ ಬಳಸುವವರಿಗೆ ಒಂದು ಮಾತು, ಅದರ ಜೊತೆ ರಾಕ್ಮ್ ಲೈಬ್ರರಿ ಇಲ್ಲದಿದ್ದರೆ ಅದೂ ಒತ್ತಕ್ಷರ ಒಡೆದು ಹಾಕುತ್ತದೆ. ನಾನು ಎರಡು ದಿನ ಅದರಲ್ಲೇ ಕಳೆದೆ.

ನಮ್ಮ ಕಡೆ ಡೈರಿಗೆ ಹಾಲು ಹಾಕುವವರಲ್ಲಿ ಹೆಂಗಸರೇ ಜಾಸ್ತಿ. ಚೀಟಿ ಅವರು ಓದುವ ಹಾಗಿರಬೇಕು. ಇಂಗ್ಲಿಷ್‌ನಲ್ಲಿ ಬಂದರೆ ಇನ್ನೊಬ್ಬರ ಹತ್ತಿರ ಓದಿಸಿಕೊಳ್ಳಬೇಕು. ಅವರ ಹಾಲು, ಅವರ ದುಡ್ಡು. ಕನ್ನಡ ಸರಿಯಾಗಿ ಬರದಿದ್ದರೆ ಈ ಪೆಟ್ಟಿಗೆಯೇ ಬೇಡ ಅನ್ನುವುದು ನನ್ನ ಮಾತು.

ಕುವೆಂಪುನಗರ_ಕೋಡ್

ಒಪ್ಪಿದೆ. ಆದರೂ ಒಂದು ದಾರಿ ಇದೆ. ಹೆಸರುಗಳನ್ನು ಮನೆಯ ಕಂಪ್ಯೂಟರಿನಲ್ಲೇ ಚಿತ್ರ ಮಾಡಿಟ್ಟುಕೊಳ್ಳಿ. ಒಂದು ಹೆಸರಿಗೆ 384 ಚುಕ್ಕಿ ಅಗಲ, 32 ಎತ್ತರ ಅಂದರೆ 1,536 ಬೈಟ್. ಒಂದು ಡೈರಿಯಲ್ಲಿ 200 ಸದಸ್ಯರಿದ್ದರೆ 3 ಲಕ್ಷ ಬೈಟ್ ಚಿಲ್ಲರೆ. 4 ಎಂಬಿ ಫ್ಲ್ಯಾಶ್ ಇರುವ ಇಎಸ್‌ಪಿ32ರಲ್ಲಿ ಆರಾಮಾಗಿ ಹಿಡಿಸುತ್ತದೆ. "ಬೆಳಿಗ್ಗೆ", "ಸಂಜೆ", "ಫ್ಯಾಟು", "ಒಟ್ಟು" ಎಲ್ಲವೂ ಒಂದೊಂದು ಚಿತ್ರ. ಅಂಕಿ ಹತ್ತು ಚಿತ್ರ. ಮುಗಿಯಿತು.

ಮದ್ದೂರು_ಬೋರ್ಡ್

ಇದು ನನಗೆ ಹೊಳೆದೇ ಇರಲಿಲ್ಲ. ಒಂದು ದಿನ ಯೋಚನೆ ಮಾಡಿ ಬರೆಯುತ್ತೇನೆ.

ಡೈರಿ_ಲೆಕ್ಕ

ನಾನು ಎಂಜಿನಿಯರ್ ಅಲ್ಲ. ಶ್ರೀರಂಗಪಟ್ಟಣದ ಕಡೆ ಒಂದು ಹಳ್ಳಿ ಡೈರಿಯ ಸೆಕ್ರೆಟರಿ. ನಮ್ಮ ಹುಡುಗ ಈ ಚರ್ಚೆ ತೋರಿಸಿದ. ನಾಲ್ಕು ಮಾತು ಹೇಳುತ್ತೇನೆ.

ಹೊಸ ಸದಸ್ಯರು ತಿಂಗಳಿಗೆ ಒಬ್ಬರಾದರೂ ಬರುತ್ತಾರೆ. ಅತ್ತೆ ಹೆಸರಲ್ಲಿದ್ದ ಪಾಸ್‌ಬುಕ್ ಸೊಸೆ ಹೆಸರಿಗೆ ಹೋಗುತ್ತದೆ. ಆ ಹೆಸರು ಅವತ್ತೇ, ಅಲ್ಲೇ ಸೇರಿಸಲು ಬರಬೇಕು. ಇನ್ನೊಬ್ಬರು ಬಂದು ಸೇರಿಸುವ ತನಕ ಕಾಯಿರಿ ಅಂದರೆ ಯಾರೂ ಕಾಯಲ್ಲ. ಹದಿನೈದು ದಿನಕ್ಕೊಮ್ಮೆ ಬಟವಾಡೆ ಲೆಕ್ಕ ತೆಗೆಯಬೇಕು. ಅದು ಪೆನ್‌ಡ್ರೈವಿಗೆ ಬಂದರೆ ನನಗೆ ಸುಲಭ.

ತಾರೀಕು ತಪ್ಪಬಾರದು. ಇದು ಬಹಳ ಮುಖ್ಯ. ನಮ್ಮಲ್ಲಿ ಮೊದಲಿದ್ದ ಒಂದು ಯಂತ್ರ ಕರೆಂಟು ಹೋಗಿ ಬಂದಾಗ ಹಿಂದಿನ ದಿನದ ತಾರೀಕು ತೋರಿಸುತ್ತಿತ್ತು. ಒಂದು ಸಲ ಬೆಳಿಗ್ಗೆಯ ಹಾಲಿಗೆಲ್ಲ ಹಿಂದಿನ ಸಂಜೆ ಅಂತ ಚೀಟಿ ಬಂತು. ನಲವತ್ತು ಜನಕ್ಕೆ ಕೊಟ್ಟಾದ ಮೇಲೆ ನೋಡಿದೆ. ಒಬ್ಬಮ್ಮ ಎರಡು ಚೀಟಿ ಹಿಡಿದುಕೊಂಡು ಬಂದರು, ಎರಡರಲ್ಲೂ ಅದೇ ಸಂಜೆ. "ನಾನು ಒಂದು ಸಂಜೆಗೆ ಎರಡು ಸಲ ಹಾಲು ಹಾಕ್ತೀನಾ ಸ್ವಾಮಿ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಇಪ್ಪತ್ತು ವರ್ಷದಿಂದ ಲೆಕ್ಕ ಬರೆಯುತ್ತಿದ್ದೇನೆ. ಜನ ನಂಬುವುದು ಆ ಚೀಟಿಯನ್ನ.

ಹೆಬ್ಬಾಳ್_ಕರ್ನಲ್

ಸೆಕ್ರೆಟರಿಯವರು ಹೇಳಿದ್ದನ್ನು ಎಲ್ಲರೂ ಎರಡು ಸಲ ಓದಿ.

ಪೈ 4ರ ತನಕ ಪೈಗಳಲ್ಲಿ ಗಡಿಯಾರವೇ ಇಲ್ಲ. ಆಫ್ ಆಗುವಾಗ ಟೈಮು ಫೈಲಿಗೆ ಬರೆದುಕೊಂಡು, ಎದ್ದಾಗ ಅಲ್ಲಿಂದ ಮುಂದುವರಿಸುತ್ತವೆ. ಇಂಟರ್‌ನೆಟ್ ಸಿಕ್ಕರೆ ಸರಿಮಾಡಿಕೊಳ್ಳುತ್ತವೆ. ಹಳ್ಳಿಯಲ್ಲಿ ಬೆಳಿಗ್ಗೆ ನೆಟ್‌ವರ್ಕ್ ಇಲ್ಲದಿದ್ದರೆ ಹಳೇ ಟೈಮೇ. ಯಾವ ಬೋರ್ಡು ತೆಗೆದುಕೊಂಡರೂ ಡಿಎಸ್3231 ಚಿಪ್ಪಿನ ಗಡಿಯಾರ ಹಾಕಿ. ವರ್ಷಕ್ಕೆ ಒಂದು ನಿಮಿಷ ಆಚೀಚೆ ಆಗಬಹುದು ಅಷ್ಟೆ. ಒಂದು ಎಚ್ಚರಿಕೆ, ಮಾರ್ಕೆಟ್ಟಿನಲ್ಲಿ ಸಿಗುವ ಅಗ್ಗದ ನೀಲಿ ಮಾಡ್ಯೂಲಿನಲ್ಲಿ ಚಾರ್ಜಿಂಗ್ ಸರ್ಕ್ಯೂಟ್ ಇರುತ್ತದೆ. ಅದಕ್ಕೆ ಮಾಮೂಲಿ ಸಿಆರ್2032 ಸೆಲ್ ಹಾಕುವುದಾದರೆ ಆ ಡಯೋಡೋ ರೆಸಿಸ್ಟರೋ ಕಿತ್ತು ಹಾಕಿ. ಚಾರ್ಜ್ ಆಗದ ಸೆಲ್ಲನ್ನು ಚಾರ್ಜ್ ಮಾಡಲು ಹೋದರೆ ಅದು ಉಬ್ಬುತ್ತದೆ.

ಈಗ ಬೋರ್ಡು. ನಾನು ನೋಡುವುದು ಒಂದೇ. ಆ ಬೋರ್ಡಿನ ಬೆಂಬಲ ಮೂಲ ಲಿನಕ್ಸ್ ಕರ್ನಲ್ಲಿನಲ್ಲೇ (ಸಿಸ್ಟಮ್ಮಿನ ತಿರುಳು) ಇದೆಯಾ, ಇಲ್ಲ ತಯಾರಕರು ಕೊಟ್ಟ ಒಂದು ಹಳೇ ಕರ್ನಲ್ಲಿನಲ್ಲಿ ಮಾತ್ರ ಇದೆಯಾ? ನಾಲ್ಕು ವರ್ಷದ ಹಿಂದೆ ನಾವು ಒಂದು ಬೋರ್ಡು ತೆಗೆದುಕೊಂಡೆವು. ಹೆಸರು ಬೇಡ. ರೇಟು ಅರ್ಧ, ಪ್ರೊಸೆಸರ್ ಡಬಲ್. ಇಮೇಜ್ ಒಂದು ಡೌನ್‌ಲೋಡ್ ಲಿಂಕಿನಲ್ಲಿತ್ತು. ಆರು ತಿಂಗಳಾದ ಮೇಲೆ ಒಂದು ಭದ್ರತಾ ದೋಷ ಸರಿಮಾಡಬೇಕಾಯಿತು. ಮೂಲ ಕರ್ನಲ್ ಹಾಕಿದರೆ ಈಥರ್ನೆಟ್ ಏಳಲಿಲ್ಲ. ತಯಾರಕರ ಕರ್ನಲ್ ಎರಡು ವರ್ಷದಿಂದ ಒಂದಿಂಚೂ ಅಲುಗಿರಲಿಲ್ಲ. ಎರಡು ತಿಂಗಳು ನಾನೊಬ್ಬನೇ ಡಿವೈಸ್ ಟ್ರೀ (ಬೋರ್ಡಿನಲ್ಲಿ ಏನೇನಿದೆ ಅಂತ ಕರ್ನಲ್ಲಿಗೆ ಹೇಳುವ ಫೈಲು) ಜೊತೆ ಗುದ್ದಾಡಿದೆ. ಆ ಎರಡು ತಿಂಗಳ ಸಂಬಳದಲ್ಲಿ ಒಳ್ಳೆಯ ಬೋರ್ಡು ನೂರು ಬರುತ್ತಿತ್ತು.

ಸೈಟಿನಲ್ಲಿ ಎಷ್ಟು ಕೋರ್ ಅಂತ ದೊಡ್ಡದಾಗಿ ಹಾಕಿರುತ್ತಾರೆ. ಎಷ್ಟು ವರ್ಷ ತಯಾರಿಸುತ್ತಾರೆ ಅಂತ ಹುಡುಕಿ. 2021ರಿಂದ 2023ರ ತನಕ ಪೈ ಬೋರ್ಡುಗಳು ಸಿಗದೆ ಎಷ್ಟು ಜನರ ಪ್ರಾಡಕ್ಟ್ ನಿಂತು ಹೋಯಿತು, ನೆನಪಿದೆಯಲ್ಲ? ಅವತ್ತು ಬದುಕಿದ್ದು ಎರಡು ಬೋರ್ಡಿಗೆ ಆಗುವ ಹಾಗೆ ಕೋಡು ಬರೆದಿದ್ದವರು.

ಪಾಂಡವಪುರ_ಪ್ಯಾಕೆಟ್

ಹಾಗಾದರೆ ಪೈ ಝೀರೋ 2 ಡಬ್ಲ್ಯೂ? ಚಿಕ್ಕದು, ಕರೆಂಟು ಕಮ್ಮಿ. 2021ರಲ್ಲಿ 15 ಡಾಲರ್‌ಗೆ ಬಿಟ್ಟಿದ್ದು. ಕರ್ನಲ್ ಚಿಂತೆಯೂ ಇಲ್ಲ.

ಹಳೇ_ಮೇಷ್ಟ್ರು

ಝೀರೋ 2 ಒಳ್ಳೆಯ ಬೋರ್ಡು, ಈ ಕೆಲಸಕ್ಕೆ ಆಗಲ್ಲ. ಅದರಲ್ಲಿ ಎರಡೇ ಯುಆರ್ಟ್, ಅಂದರೆ ಸೀರಿಯಲ್ ಪೋರ್ಟ್. ಅದರಲ್ಲೂ ಒಳ್ಳೆಯದು ಬ್ಲೂಟೂತ್‌ಗೆ ಹೋಗಿದೆ. ಉಳಿದ ಮಿನಿ ಯುಆರ್ಟ್‌ಗೆ ಪ್ಯಾರಿಟಿ (ತಪ್ಪು ಹಿಡಿಯಲು ಸೇರಿಸುವ ಬಿಟ್) ಬರಲ್ಲ. ತೂಕದ ಯಂತ್ರಗಳಲ್ಲಿ 7 ಬಿಟ್, ಈವನ್ ಪ್ಯಾರಿಟಿ ಇರುವವು ಎಷ್ಟೋ ಇವೆ. ಇನ್ನು ಪವರ್‌ಗೆ ಇರುವುದು ಮೈಕ್ರೋ ಯುಎಸ್‌ಬಿ. ಡೈರಿಯಲ್ಲಿ ದಿನಕ್ಕೆರಡು ಸಲ ಮೇಜು ಒರೆಸುತ್ತಾರೆ, ವೈರು ಎಳೆದಾಡುತ್ತಾರೆ. ಒಂದು ವರ್ಷದಲ್ಲಿ ಆ ತೂತು ಸಡಿಲ ಆಗುತ್ತದೆ.

ಮದ್ದೂರಿನವರೇ, ನೀವು ಬೀಗಲ್‌ಬೋನ್ ಬ್ಲ್ಯಾಕ್ ನೋಡಿದ್ದೀರಾ? ನಾನು ಮಂಡ್ಯದಲ್ಲಿ ಎಂಬೆಡೆಡ್ ಲ್ಯಾಬ್ ನಡೆಸುತ್ತಿದ್ದಾಗ ಹುಡುಗರ ಕೈಗೆ ಕೊಟ್ಟು ನೋಡಿದ ಬೋರ್ಡು ಅದು. ಹುಡುಗರ ಕೈಯಲ್ಲಿ ಉಳಿದದ್ದು ಎಲ್ಲಿ ಬೇಕಾದರೂ ಉಳಿಯುತ್ತದೆ.

2013ರ ಬೋರ್ಡು. ಒಂದೇ ಕೋರ್, ಕಾರ್ಟೆಕ್ಸ್ ಎ8, 1 ಗಿಗಾಹರ್ಟ್ಸ್, 512 ಎಂಬಿ ರ್‍ಯಾಮ್. ಕೇಳಿದರೆ ಹಳೇದು ಅನ್ನಿಸುತ್ತೆ. ನಿಮ್ಮ ಕೆಲಸಕ್ಕೆ ಜೋಡಿಸಿ ನೋಡಿ. 4 ಜಿಬಿ ಇಎಂಎಂಸಿ ಮೆಮೊರಿ ಚಿಪ್ಪು ಬೋರ್ಡಿಗೇ ಬೆಸುಗೆ ಆಗಿದೆ. ಕಾರ್ಡು ಸಡಿಲ ಆಗುವ ಮಾತೇ ಇಲ್ಲ. ದುಂಡನೆಯ ಪವರ್ ಜ್ಯಾಕ್ ಇದೆ. ಕನ್ಸೋಲ್ (ಲ್ಯಾಪ್‌ಟಾಪ್ ಸಿಕ್ಕಿಸಿ ಬೋರ್ಡಿನ ಸ್ಥಿತಿ ನೋಡುವ ಪೋರ್ಟು) ಬಿಟ್ಟು 1, 2, 4, 5 ಎಂದು ನಾಲ್ಕು ಪೂರ್ತಿ ಯುಆರ್ಟ್ ಪಿನ್ನುಗಳಲ್ಲಿ ಸಿಗುತ್ತವೆ. ನಿಮಗೆ ಬೇಕಿರುವುದೂ ನಾಲ್ಕು. ಮ್ಯಾಕ್ಸ್3232 ಚಿಪ್ಪು ಎರಡು ಹಾಕಿದರೆ ನಾಲ್ಕೂ ತೂಕದ ಯಂತ್ರದಂಥವು ಬಳಸುವ ಆರ್‌ಎಸ್232 ವೋಲ್ಟೇಜಿಗೆ ಬದಲಾಗುತ್ತವೆ. ಯುಎಸ್‌ಬಿ ವೈರಿನ ಗೊಂದಲವೇ ಮುಗಿಯಿತು.

ತೊಡಕೂ ಹೇಳಿಬಿಡುತ್ತೇನೆ. 5ನೇ ಯುಆರ್ಟ್ ಪಿನ್ನು ಎಚ್‌ಡಿಎಂಐ ಜೊತೆ ಹಂಚಿಕೊಂಡಿದೆ. ಎಚ್‌ಡಿಎಂಐ ಆಫ್ ಮಾಡಬೇಕು. ಪಿನ್ನುಗಳೆಲ್ಲ 3.3 ವೋಲ್ಟು, 5 ತಾಗಿಸಿದರೆ ಹೋಯಿತು. ಮುಖ್ಯವಾಗಿ ಬೋರ್ಡು ಆಫ್ ಇದ್ದಾಗ ಯಾವ ಪಿನ್ನಿಗೂ ಹೊರಗಿನಿಂದ ವೋಲ್ಟೇಜ್ ಬರಬಾರದು. ಮ್ಯಾಕ್ಸ್3232ಕ್ಕೆ ಬೋರ್ಡಿನ 3.3 ವೋಲ್ಟನ್ನೇ ಕೊಡಿ. ಆಗ ಎರಡೂ ಒಟ್ಟಿಗೆ ಏಳುತ್ತವೆ, ಒಟ್ಟಿಗೆ ಮಲಗುತ್ತವೆ.

ಹೆಬ್ಬಾಳ್_ಕರ್ನಲ್

ಮೇಷ್ಟ್ರ ಮಾತಿಗೆ ನನ್ನ ಒಪ್ಪಿಗೆ. ಅದರ ಡಿವೈಸ್ ಟ್ರೀ ಮೂಲ ಕರ್ನಲ್ಲಿನಲ್ಲಿ ಬಹಳ ವರ್ಷದಿಂದ ಇದೆ. ಸಣ್ಣ ಲಿನಕ್ಸ್ ಕಟ್ಟಿಕೊಡುವ ಬಿಲ್ಡ್‌ರೂಟ್‌ನಲ್ಲೂ ಇದರ ಕಾನ್ಫಿಗ್ ಸಿದ್ಧವಾಗಿದೆ. ಬೋರ್ಡಿನ ನಕ್ಷೆಯೂ ತೆರೆದಿಟ್ಟಿದ್ದಾರೆ. ನಾಳೆ ಬೋರ್ಡೇ ಸಿಗದಿದ್ದರೂ ಯಾವ ಚಿಪ್ಪು ಎಲ್ಲಿದೆ ಅಂತ ನೋಡಿ ನೀವೇ ಒಂದು ಮಾಡಿಸಬಹುದು.

ಸರಿ, ಪೈ 4ಕ್ಕೆ ಅನ್ಯಾಯ ಆಗಬಾರದು. ಪೈ 4ರಲ್ಲೂ ಓವರ್‌ಲೇ (ಡಿವೈಸ್ ಟ್ರೀಗೆ ಸೇರಿಸುವ ತುಂಡು) ಹಾಕಿದರೆ ಇನ್ನೂ ನಾಲ್ಕು ಯುಆರ್ಟ್ ಎದ್ದು ಬರುತ್ತವೆ. ಯುಎಸ್‌ಬಿ ವೈರು ಅಲ್ಲೂ ಬೇಕಿರಲಿಲ್ಲ. ಇಎಂಎಂಸಿ ಬೇಕಾದರೆ 2020ರಲ್ಲಿ ಬಂದ ಕಂಪ್ಯೂಟ್ ಮಾಡ್ಯೂಲ್ 4 ಇದೆ. ಆದರೆ ಅದನ್ನು ಕೂರಿಸಲು ಕೆಳಗೊಂದು ಬೇರೆ ಬೋರ್ಡು ಬೇಕು, ನಿಮ್ಮ ಕೆಲಸಕ್ಕೆ ಹೊಂದುವ ಹಾಗೆ ಬೇಕಾದರೆ ನೀವೇ ಮಾಡಿಸಬೇಕು. ಇಪ್ಪತ್ತೈದಕ್ಕೆ ಅಷ್ಟು ದೂರ ಹೋಗುವುದು ಬೇಡ. ಐನೂರಾದರೆ ನನ್ನ ಸಲಹೆ ಅದೇ.

ಕುವೆಂಪುನಗರ_ಕೋಡ್

ಬೀಗಲ್‌ಬೋನ್ 32 ಬಿಟ್. 2038ರ ಜನವರಿ 19ಕ್ಕೆ 32 ಬಿಟ್ಟಿನ ಟೈಮು ಮುಗಿದು ಹಿಂದಕ್ಕೆ ತಿರುಗುತ್ತದೆ. ತಾರೀಕು ತಪ್ಪಬಾರದು ಅಂತ ಈಗಷ್ಟೇ ಮಾತಾಡಿದೆವು.

ಹೆಬ್ಬಾಳ್_ಕರ್ನಲ್

ಸರಿಯಾದ ಪ್ರಶ್ನೆ. ಪ್ರೊಸೆಸರ್ 32 ಬಿಟ್ ಆದರೂ ಟೈಮು 64 ಬಿಟ್ ಇಟ್ಟುಕೊಳ್ಳಬಹುದು. ಲಿನಕ್ಸ್‌ನ ಸಿ ಲೈಬ್ರರಿಗಳಲ್ಲಿ ಒಂದಾದ ಮಸ್ಲ್‌ನಲ್ಲಿ 1.2ನೇ ಆವೃತ್ತಿಯಿಂದ ಹಾಗೇ ಇದೆ. 2025ರಲ್ಲಿ ಬಂದ ಡೆಬಿಯನ್ 13ರಲ್ಲಿ 32 ಬಿಟ್ ಆರ್ಮ್‌ಗೂ ಹಾಗೇ ಮಾಡಿದ್ದಾರೆ. ಬಿಲ್ಡ್‌ರೂಟ್ ಬಳಸುವಾಗ ಮಸ್ಲ್ ಆರಿಸಿಕೊಳ್ಳಿ, ಇಲ್ಲವೇ ಇನ್ನೊಂದು ಸಿ ಲೈಬ್ರರಿಯಾದ ಜಿಲಿಬ್‌ಸಿಯಲ್ಲಿ ಆ ಆಯ್ಕೆ ಹಾಕಿ. ಗಡಿಯಾರವನ್ನು 2040ಕ್ಕೆ ಇಟ್ಟು ಒಂದು ಚೀಟಿ ಹೊಡೆದು ನೋಡಿ. ಅದಕ್ಕಿಂತ ದೊಡ್ಡ ಪರೀಕ್ಷೆ ಇಲ್ಲ. 64 ಬಿಟ್ಟೇ ಬೇಕು ಅನ್ನಿಸಿದರೆ ಅದೇ ಕುಟುಂಬದಲ್ಲಿ 2023ರ ಬೀಗಲ್‌ಪ್ಲೇ ಇದೆ. 16 ಜಿಬಿ ಇಎಂಎಂಸಿ, 2 ಜಿಬಿ ರ್‍ಯಾಮ್. ನಿಮ್ಮ ಎರಡನೇ ಬೋರ್ಡಾಗಿ ಅದನ್ನು ಇಟ್ಟುಕೊಳ್ಳಿ.

ಮದ್ದೂರು_ಬೋರ್ಡ್ (ಬುಧವಾರ)

ಎಲ್ಲವನ್ನೂ ಕೂತು ಓದಿದೆ. ಕುವೆಂಪುನಗರದ ಮೇಡಂ ಹೇಳಿದ ದಾರಿ ನಿಜಕ್ಕೂ ಸರಿ ಇದೆ. ಬರೀ ಚೀಟಿ ಹೊಡೆಯುವುದಾದರೆ ನಾನು ಅದನ್ನೇ ಮಾಡುತ್ತಿದ್ದೆ. ಆದರೆ ಸೆಕ್ರೆಟರಿಯವರು ಕೇಳಿದ ಎರಡು ವಿಷಯ, ಹೊಸ ಹೆಸರು ಅಲ್ಲೇ ಸೇರಿಸುವುದು, ಪೆನ್‌ಡ್ರೈವಿಗೆ ಲೆಕ್ಕ. ಇವೆರಡಕ್ಕೂ ಲಿನಕ್ಸ್‌ನಲ್ಲಿ ನಾನು ಹೊಸದಾಗಿ ಬರೆಯಬೇಕಾದ್ದು ಬಹಳ ಕಮ್ಮಿ. ಫೋನಿನಿಂದ ಪೆಟ್ಟಿಗೆಯ ಪುಟ ತೆಗೆದು ಕನ್ನಡದಲ್ಲಿ ಹೆಸರು ಟೈಪ್ ಮಾಡಿದರೆ ಮುಂದಿನ ಚೀಟಿಯಲ್ಲಿ ಅದು ಬರಬೇಕು. ಆದ್ದರಿಂದ ಲಿನಕ್ಸ್, ಆದ್ದರಿಂದ ಬೀಗಲ್‌ಬೋನ್. ಸದ್ಯಕ್ಕೆ ಮೂರು ತರಿಸುತ್ತಿದ್ದೇನೆ.

ಪ್ರಿಂಟರಿನ ವಿಷಯ ಬೆಸುಗೆಯವರು ಹೇಳಿದ ಹಾಗೇ ಇತ್ತು. ಹತ್ತು ಚೀಟಿ ಹೊಡೆದೆ, ವೋಲ್ಟೇಜ್ ಇಳಿದ ಗುರುತು ಬಂದಿತ್ತು. ಕಪ್ಪು ಪಟ್ಟಿ ತೆಗೆದೆ, ಬೇರೆ ಬಕ್ ಹಾಕಿದೆ. ರೀಬೂಟ್ ನಿಂತಿದೆ.

ಇನ್ನು ಲೆಕ್ಕ ಉಳಿಸುವುದು ಹೇಗೆ? ಇಎಂಎಂಸಿ ಆದರೂ ಬರೆಯುವಾಗಲೇ ಕರೆಂಟು ಹೋದರೆ?

ಹೆಬ್ಬಾಳ್_ಕರ್ನಲ್

ಇಲ್ಲಿ ಸ್ವಲ್ಪ ನಿಧಾನಕ್ಕೆ ಓದಿ. ಕಾರ್ಡಿನ ಒಳಗೂ ಇಎಂಎಂಸಿಯ ಒಳಗೂ ಒಂದು ಸಣ್ಣ ಕಂಟ್ರೋಲರ್ ಕೂತು, ಬ್ಲಾಕುಗಳನ್ನು ಅಲ್ಲಿಂದ ಇಲ್ಲಿಗೆ ಸಾಗಿಸುತ್ತಿರುತ್ತದೆ. ಅದು ಸಾಗಿಸುವ ಹೊತ್ತಿಗೆ ಕರೆಂಟು ಹೋದರೆ ನೀವು ಮುಟ್ಟದೇ ಇದ್ದ ಫೈಲೂ ಹಾಳಾಗಬಹುದು. ನಿಮ್ಮ ಪೈ ಕಾರ್ಡಿಗೆ ಆಗಿದ್ದು ಅದೇ ಇರಬೇಕು. ಕಾರ್ಡುಗಳಿಗಿಂತ ಇಎಂಎಂಸಿ ವಾಸಿ, ಆದರೆ ದೇವರಲ್ಲ.

ಹಾಗಾಗಿ ಸಿಸ್ಟಮ್ ಇರುವ ಭಾಗವನ್ನು ಓದಲು ಮಾತ್ರ ಇಡಿ. ಯಾವತ್ತೂ ಬರೆಯಬೇಡಿ. ಲಾಗ್ ಎಲ್ಲ ರ್‍ಯಾಮಿಗೆ. ಬರೆಯುವುದು ಒಂದೇ ಭಾಗದಲ್ಲಿ, ಅಲ್ಲಿ ಎಸ್‌ಕ್ಯೂಲೈಟ್ ಡೇಟಾಬೇಸ್ ಒಂದೇ. ವಾಲ್ ಮೋಡ್ (ಬದಲಾವಣೆಯನ್ನು ಮೊದಲು ಬೇರೆ ಫೈಲಿಗೆ ಬರೆಯುವ ರೀತಿ) ಬಳಸುವುದಾದರೆ ಸಿಂಕ್ರೊನಸ್ ಫುಲ್ ಇಡಿ. ನಾರ್ಮಲ್ ಇಟ್ಟರೆ ಡೇಟಾಬೇಸ್ ಕೆಡಲ್ಲ, ಆದರೆ ಕೊನೆಯ ಒಂದೆರಡು ಚೀಟಿ ಕಳೆದು ಹೋಗಬಹುದು. ಆ ಕೊನೆಯ ಚೀಟಿ ಯಾರದ್ದೋ ಆರು ಲೀಟರ್ ಹಾಲು. ಮೊದಲು ಡೇಟಾಬೇಸಿಗೆ ಬರೆದು ಮುಗಿಸಿ, ಆಮೇಲೆ ಪ್ರಿಂಟರ್‌ಗೆ ಕಳಿಸಿ. ತಿರುಗಾಮುರುಗ ಮಾಡಿದರೆ ರೈತರ ಕೈಯಲ್ಲಿ ಚೀಟಿ ಇರುತ್ತದೆ, ಪುಸ್ತಕದಲ್ಲಿ ಹಾಲು ಇರುವುದಿಲ್ಲ.

ಜಾಗದ ಚಿಂತೆ ಬೇಡ. 200 ಜನ, ದಿನಕ್ಕೆ ಎರಡು ಸಲ, ವರ್ಷಕ್ಕೆ 1,46,000 ಸಾಲು. ಸಾಲಿಗೆ 100 ಬೈಟ್ ಅಂದರೂ 15 ಎಂಬಿ. ದುಡ್ಡನ್ನು ಪೈಸೆಯಲ್ಲಿ ಪೂರ್ಣ ಸಂಖ್ಯೆಯಾಗಿ ಇಡಿ, ದಶಮಾಂಶದಲ್ಲಿ ಬೇಡ.

ವಾಚ್‌ಡಾಗ್ ಮರೆಯಬೇಡಿ, ಆಗಾಗ ತಟ್ಟದಿದ್ದರೆ ಬೋರ್ಡನ್ನು ರೀಬೂಟ್ ಮಾಡುವ ಟೈಮರ್ ಅದು. ಅದನ್ನು ತಟ್ಟುವುದು ನಿಮ್ಮ ಪ್ರೋಗ್ರಾಂ ಆಗಿರಬೇಕು. ಸಿಸ್ಟಮ್ ಜೀವಂತ ಇದ್ದು ನಿಮ್ಮ ಪ್ರೋಗ್ರಾಂ ಮಾತ್ರ ನಿಂತು ಹೋದರೆ ಸಾಲಿನಲ್ಲಿ ನಿಂತವರಿಗೆ ಎರಡೂ ಒಂದೇ.

ಡೈರಿ_ಲೆಕ್ಕ

ಮೊದಲು ಬರೆಯುವುದು, ಆಮೇಲೆ ಚೀಟಿ. ನಾವು ಪುಸ್ತಕದಲ್ಲೂ ಹಾಗೇ ಮಾಡುತ್ತಿದ್ದೆವು.

ಮದ್ದೂರು_ಬೋರ್ಡ್ (ನಾಲ್ಕು ತಿಂಗಳ ನಂತರ)

ಬರೆಯುವುದು ತಡವಾಯಿತು. ಮೂರು ಪೆಟ್ಟಿಗೆ ಮೂರು ಡೈರಿಯಲ್ಲಿವೆ. ಒಂದು ಶ್ರೀರಂಗಪಟ್ಟಣದ ಸೆಕ್ರೆಟರಿಯವರ ಹತ್ತಿರವೇ ಇದೆ.

ಕರೆಂಟಿಗೆ ಒಂದೂ ಹಾಳಾಗಿಲ್ಲ. ನಾನೇ ಬ್ಯಾಟರಿ ವೈರು ಕಿತ್ತು ಕಿತ್ತು ಇನ್ನೂರು ಸಲ ಪರೀಕ್ಷೆ ಮಾಡಿದೆ, ಅರ್ಧದಷ್ಟು ಸಲ ಬೇಕಂತಲೇ ಚೀಟಿ ಬರುವಾಗ. ಡೇಟಾಬೇಸಿನಲ್ಲಿ ಒಂದು ಸಾಲೂ ಹೋಗಲಿಲ್ಲ.

ಆದರೆ ಎರಡನೇ ಡೈರಿಯಲ್ಲಿ ಒಂದು ತೊಂದರೆ ಬಂತು, ಅದನ್ನು ಇಲ್ಲಿ ಬರೆಯಲೇಬೇಕು. ಬೋರ್ಡು ಏಳುತ್ತಿರಲಿಲ್ಲ. ಪವರ್ ಲೈಟು ಇದೆ, ಬೇರೇನೂ ಇಲ್ಲ. ಮನೆಗೆ ತಂದರೆ ಸರಿಯಾಗಿ ಏಳುತ್ತದೆ. ವಾಪಸ್ ಇಟ್ಟರೆ ಏಳುವುದಿಲ್ಲ. ಮೂರು ದಿನ ಹೀಗೇ ಆಯಿತು. ಕೊನೆಗೆ ಲ್ಯಾಪ್‌ಟಾಪ್ ಹಿಡಿದು ಬೆಳಿಗ್ಗೆ ಐದಕ್ಕೇ ಅಲ್ಲಿ ಹೋಗಿ ಕೂತೆ. ನೋಡಿದರೆ, ವೈರು ಜೋಡಿಸಿದ ಹುಡುಗ ತೂಕದ ಯಂತ್ರವನ್ನು ತಪ್ಪಿ ಕನ್ಸೋಲ್ ಪೋರ್ಟಿಗೆ ಸೇರಿಸಿದ್ದ. ಆ ಯಂತ್ರ ಸುಮ್ಮನಿರುವುದಿಲ್ಲ, ಸೊನ್ನೆ ಇದ್ದರೂ ಒಂದೇ ಸಮನೆ ತೂಕ ಕಳಿಸುತ್ತಲೇ ಇರುತ್ತದೆ. ಬೋರ್ಡು ಏಳುವಾಗ ಯು‌ಬೂಟ್ (ಲಿನಕ್ಸನ್ನು ಎಬ್ಬಿಸುವ ಪ್ರೋಗ್ರಾಂ) ಯಾರೋ ಕೀಲಿ ಒತ್ತಿದರು ಅಂದುಕೊಂಡು ಅಲ್ಲೇ ನಿಂತುಬಿಡುತ್ತಿತ್ತು. ಮನೆಯಲ್ಲಿ ತೂಕದ ಯಂತ್ರ ಇಲ್ಲ, ಅದಕ್ಕೇ ಏಳುತ್ತಿತ್ತು.

ಈಗ ಯು‌ಬೂಟ್‌ನ ಬೂಟ್‌ಡಿಲೇ ಮೈನಸ್ 2 ಇಟ್ಟಿದ್ದೇನೆ. ಆಗ ಅದು ಕೀಲಿಗೆ ಕಾಯುವುದೂ ಇಲ್ಲ, ನೋಡುವುದೂ ಇಲ್ಲ. ಕನ್ಸೋಲಿನ ಪಿನ್ನುಗಳಿಗೆ ಪೆಟ್ಟಿಗೆಯ ಒಳಗಿಂದಲೇ ಮುಚ್ಚಳ ಹಾಕಿದ್ದೇನೆ. ನಾಲ್ಕು ಪೋರ್ಟಿಗೂ ಹೊರಗೆ "ತೂಕ", "ಫ್ಯಾಟು", "ಚೀಟಿ", "ಪಟ್ಟಿ" ಅಂತ ಕನ್ನಡದಲ್ಲಿ ಕೆತ್ತಿಸಿದ್ದೇನೆ.

ಬೆಸುಗೆ_ಕಡ್ಡಿ

ಚೀಟಿ ಬರುವಾಗ ಪವರ್ ಕಿತ್ತು ನೋಡಿದ್ದು ಬಹಳ ಒಳ್ಳೆಯ ಕೆಲಸ. ಏಪ್ರಿಲ್ ಬಿಸಿಲಿಗೆ ಶೀಟಿನ ಮನೆಯಲ್ಲಿ ಹೇಗಿತ್ತು?

ಮದ್ದೂರು_ಬೋರ್ಡ್

ಪೆಟ್ಟಿಗೆಯಲ್ಲಿ ತೂತು ಇಟ್ಟಿರಲಿಲ್ಲ, ನೀರು ಎರಚುತ್ತಾರೆ ಅಂತ. ಒಳಗೆ ಬಿಸಿ ಇತ್ತು, ಆದರೆ ಒಂದು ದಿನವೂ ನಿಲ್ಲಲಿಲ್ಲ. ಥರ್ಮಲ್ ಪೇಪರ್ ರೋಲ್ ಮಾತ್ರ ಕಿಟಕಿ ಬಿಸಿಲಿಗೆ ಇಟ್ಟು ಕಪ್ಪಾಯಿತು. ಈಗ ಕಪಾಟಿನಲ್ಲಿ ಇಡುತ್ತಾರೆ.

ಡೈರಿ_ಲೆಕ್ಕ

ತಾರೀಕು ಒಂದು ದಿನವೂ ತಪ್ಪಿಲ್ಲ. ಹೋದ ವಾರ ಮೂರು ಹೊಸ ಹೆಸರು ನಾನೇ ಫೋನಿನಲ್ಲಿ ಸೇರಿಸಿದೆ. ಒಂದು ಕೇಳುವುದಿದೆ. ಅಕ್ಷರ ಇನ್ನೂ ಸ್ವಲ್ಪ ದೊಡ್ಡದಾಗಿ ಬರುತ್ತದಾ? ವಯಸ್ಸಾದವರು ಚೀಟಿಯನ್ನು ಬೆಳಕಿಗೆ ಹಿಡಿದು ಓದುತ್ತಿದ್ದಾರೆ.

ಮದ್ದೂರು_ಬೋರ್ಡ್

ಬರುತ್ತದೆ ಸರ್. ಹೆಸರು ಮತ್ತು ಒಟ್ಟು ದುಡ್ಡು ಇವೆರಡನ್ನು ದೊಡ್ಡದು ಮಾಡುತ್ತೇನೆ. ಒತ್ತಕ್ಷರ ಕೆಳಗಿನ ಸಾಲಿಗೆ ತಾಗದ ಹಾಗೆ ಸಾಲಿನ ಅಂತರ ಜಾಸ್ತಿ ಮಾಡಬೇಕು, ಚೀಟಿ ಒಂದು ಬೆರಳಿನಷ್ಟು ಉದ್ದ ಆಗುತ್ತದೆ, ಪರವಾಗಿಲ್ಲ ಅಲ್ವಾ? ಶನಿವಾರ ಸಂಜೆಯ ಹಾಲು ಮುಗಿದ ಮೇಲೆ ಬರುತ್ತೇನೆ.

ಡೈರಿ_ಲೆಕ್ಕ

ಪರವಾಗಿಲ್ಲ, ಬನ್ನಿ. ಏಳು ಗಂಟೆಗೆ ಗಾಡಿ ಹೋಗುತ್ತದೆ, ಆಮೇಲೆ ಬಿಡುವು.